ಅತ್ತಿಮಬ್ಬೆಗೆ ಗೊತ್ತಿದ್ದದ್ದು

ಕಂಪ್ಯೂಟರ್ ಸತ್ತ ಮನೆಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಬ್ಯಾಕಪ್ ಇಟ್ಕೊಂಡಿರ್ಲಿಲ್ವಾ?’ ಸಾವಿನ ಮನೆಗೆ ಬಂದವರು ‘ಬಿ.ಪಿ. ಮಾತ್ರೆ ಸರಿಯಾಗಿ ತಗೊಳ್ತಿದ್ರಾ?’ ಅಂತ ವಿಚಾರಿಸಿದ ಹಾಗೆ. ನನ್ನನ್ನು ಮೊದಲು ಕೇಳಿದವನು ಮಗ. ಆಮೇಲೆ ಸೊಸೆ, ಪಕ್ಕದ ಮನೆಯ ತೆಲುಗಿನವರು, ಕನ್ನಡ ಸಂಘದ ಗೆಳತಿಯರು, ಕೊನೆಗೆ ಎಂಟು ವರ್ಷದ ಮೊಮ್ಮಗಳು. ನಾನಿರುವುದು ಸಿಯಾಟಲ್ ಪಕ್ಕದ ಸಮಾಮಿಶ್‌ನಲ್ಲಿ. ರೆಡ್ಮಂಡಿನ ಮೈಕ್ರೋಸಾಫ್ಟ್ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ, ಅಮೆಜಾನ್ ಸರೋವರದ ಆಚೆ ದಡದಲ್ಲಿ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಮನೆ ಬಿಟ್ಟು ಹೊರಡುವವರಲ್ಲಿ ಅರ್ಧ ಜನ ಕ್ಲೌಡ್ ಕಟ್ಟುವ ಕೆಲಸಕ್ಕೇ ಹೋಗುತ್ತಾರೆ. ತಲೆ ಎತ್ತಿದರೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮೋಡ, ತಲೆ ತಗ್ಗಿಸಿದರೆ ಇವರು ಕಟ್ಟಿದ ಮೋಡ. ಇಂಥ ಊರಲ್ಲಿ ಕೂತು 212 ಪುಟ ಕಳೆದುಕೊಂಡವಳಿಗೆ ಕನಿಕರ ಹುಟ್ಟುವುದಿಲ್ಲ. ಗೋಕರ್ಣದಲ್ಲಿದ್ದುಕೊಂಡು ಉಪ್ಪಿಗೆ ಬರ ಬಂತು ಅಂದರೆ ಯಾರು ನಂಬುತ್ತಾರೆ?

ಅವಮಾನ ಇನ್ನೂ ಇದೆ. ಸಾಗರದ ಒಂದು ಸರ್ಕಾರಿ ಕಚೇರಿಯಲ್ಲಿ 1981ರಿಂದ ನಿವೃತ್ತಿಯವರೆಗೆ ನಾನು ಟೈಪಿಸ್ಟ್. ಅಂದರೆ ಸುಮಾರು ನಾಲ್ಕು ದಶಕ ನಕಲು ತೆಗೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು. ಎರಡು ಕಾರ್ಬನ್ ಇಟ್ಟು ರೋಲರಿಗೆ ಹಾಳೆ ತೂರಿಸದೆ ಒಂದಕ್ಷರ ಹೊಡೆದದ್ದಿಲ್ಲ. ಪತ್ರದ ಅಡಿಯಲ್ಲಿ ‘ಕಚೇರಿ ಪ್ರತಿ, ಹೆಚ್ಚುವರಿ ಪ್ರತಿ’ ಎಂದು ಹೊಡೆದು ಹೊಡೆದು ಆ ಅಕ್ಷರಗಳ ಅಚ್ಚೇ ಸವೆದಿತ್ತು. ಒಬ್ಬ ಗುಮಾಸ್ತರ ಮೂರು ದಿನದ ರಜೆ ಅರ್ಜಿಗೂ ಮೂರು ಪ್ರತಿ. ನಮ್ಮಪ್ಪನ ಬದುಕಿಗೆ ಮಾತ್ರ ಒಂದೇ ಪ್ರತಿ ಇಟ್ಟಿದ್ದೆ.

ಆದದ್ದು ಹೀಗೆ. 2024ರ ನವೆಂಬರ್ 19, ಮಂಗಳವಾರ. ಬೆಳಿಗ್ಗೆಯಿಂದ ಟೀವಿಯಲ್ಲಿ ‘ಬಾಂಬ್ ಸೈಕ್ಲೋನ್’ ಎಂದು ಹೇಳುತ್ತಲೇ ಇದ್ದರು. ಕೇಳಿದರೆ ದೀಪಾವಳಿ ಪಟಾಕಿಯ ಹೆಸರಿನ ಹಾಗಿದೆ. 24 ಗಂಟೆಯೊಳಗೆ ವಾಯುಭಾರ ಸುಮಾರು 24 ಮಿಲಿಬಾರ್ ಕುಸಿದರೆ ಆ ಬಿರುಗಾಳಿಗೆ ಇವರು ಹಾಗೆ ಹೆಸರಿಡುತ್ತಾರೆ. ಇಲ್ಲಿ ಜೋರು ಗಾಳಿ ಬರುವುದು ಸಾಮಾನ್ಯವಾಗಿ ತೆಂಕಣ, ಪಡುವಣದ ಕಡೆಯಿಂದ. ಅವತ್ತು ಬಂದದ್ದು ಮೂಡಣದ ಕ್ಯಾಸ್ಕೇಡ್ ಬೆಟ್ಟಸಾಲಿನಿಂದ. ತೆಂಗಿಗಿಂತ ಎತ್ತರದ ಫರ್ ಮರಗಳು, ಅಭ್ಯಾಸವಿಲ್ಲದ ಕಡೆಯಿಂದ ಪೆಟ್ಟು ಬಿದ್ದದ್ದಕ್ಕೋ ಏನೋ, ಬೇರು ಸಮೇತ ರಸ್ತೆಗೂ ತಂತಿಗೂ ಅಡ್ಡ ಮಲಗಿದವು. ಲಕ್ಷಗಟ್ಟಲೆ ಮನೆಗಳಿಗೆ ಕರೆಂಟು ಹೋಯಿತು, ಮರ ಬಿದ್ದು ಜನ ಸತ್ತರು. ಅದರ ಮುಂದೆ ನನ್ನ ಕಥೆ ಸಣ್ಣದು, ಗೊತ್ತು.

ನಾನು ಒಂಬತ್ತನೇ ಅಧ್ಯಾಯ ತಿದ್ದುತ್ತಿದ್ದೆ. ಗಾಳಿಯ ಸದ್ದಿಗೆ ಹೆದರಿ, ‘ಇವತ್ತಾದರೂ ಒಂದು ಕಾಪಿ ತೆಗೆಯೋಣ’ ಅಂತ ಮೇಜಿನ ಡ್ರಾಯರಿನಿಂದ ಹೊರಗಿನ ಹಾರ್ಡ್ ಡಿಸ್ಕ್ ತೆಗೆದು ಸಿಕ್ಕಿಸಿದೆ. ಬುದ್ಧಿ ಬಂದ ಗಳಿಗೆಯೇ ಕೇಡಿನ ಗಳಿಗೆಯಾಯಿತು. ದೀಪ ಎರಡು ಸಲ ಮಿಣುಕಿತು. ಮೂರನೇ ಸಲ ಝಗ್ಗೆಂದು ಉರಿದು ಆರಿತು. ಕಂಪ್ಯೂಟರು, ಹಾರ್ಡ್ ಡಿಸ್ಕು ಎರಡೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ನೇತುಬಿದ್ದಿದ್ದವು. ಗರಾಜ್ ಸೇಲಿನಲ್ಲಿ ಮೂರು ಡಾಲರಿಗೆ ನಾನೇ ತಂದ ಬಾಕ್ಸು ಅದು. ವೋಲ್ಟೇಜ್ ಏರಿದರೆ ತಡೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಆಮೇಲಿನ ಮೂರು ದಿನ ಮಜವಾಗಿದ್ದವು ಎಂದು ಹೇಳಿಕೊಳ್ಳಲು ಈಗ ನಾಚಿಕೆ. ಸಂಜೆ ನಾಲ್ಕೂವರೆಗೇ ಕತ್ತಲು. ಮೋಂಬತ್ತಿ ಬೆಳಕಿನಲ್ಲಿ ಮೊಮ್ಮಗಳಿಗೆ ಲಾಟೀನಿನ ಗಾಜು ಬೂದಿ ಹಾಕಿ ಒರೆಸುವ ವಿದ್ಯೆ ವಿವರಿಸಿದೆ. ಅವಳ ಮುತ್ತಜ್ಜನ ಮನೆಗೆ ಕರೆಂಟು ಬಂದದ್ದು ನಾನು ಹೈಸ್ಕೂಲು ಮುಗಿಸಿದ ಮೇಲೆ. ಆ ಕರೆಂಟು ಹುಟ್ಟುವ ಶರಾವತಿಗೆ ಮನೆ, ಗದ್ದೆ, ತೋಟ ಬಿಟ್ಟುಕೊಟ್ಟವರು ನಾವೇ ಅಂದೆ. ‘ಹಾಗಾದ್ರೆ ಮೊದಲು ನಿಮಗೇ ಕೊಡಬೇಕಿತ್ತಲ್ಲ?’ ಅಂದಳು. ನಮ್ಮ ಜಿಲ್ಲೆಯಲ್ಲಿ ಅರವತ್ತು ವರ್ಷದಿಂದ ಅದನ್ನೇ ಕೇಳುತ್ತಿದ್ದೇವೆ, ಮಗು.

ಶುಕ್ರವಾರ ಕರೆಂಟು ಬಂತು. ಫ್ರಿಜ್ ಗುಂಯ್ಗುಟ್ಟಿತು, ಹೀಟರು ಬಿಸಿ ಉಸಿರು ಬಿಟ್ಟಿತು. ಕಂಪ್ಯೂಟರು ಮಾತ್ರ ಕಪ್ಪು ಪರದೆ ತೋರಿಸಿ, ಒಳಗೆ ಡಿಸ್ಕೇ ಇಲ್ಲ ಎಂದಿತು. ಇಲ್ಲ ಅಂದರೆ? ಅಲ್ಲೇ ಇದೆ, ಬಿಚ್ಚಿದರೆ ಕೈಗೆ ಸಿಗುತ್ತದೆ. ಹೊರಗಿನ ಹಾರ್ಡ್ ಡಿಸ್ಕ್ ಕಿವಿಗೆ ಹಿಡಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ಟಿಕ್, ಟಿಕ್. ಹಲ್ಲಿ ಶಕುನಕ್ಕಾದರೂ ಪಂಚಾಂಗದಲ್ಲಿ ಒಂದು ಒಳ್ಳೆಯ ಫಲ ಇರುತ್ತದೆ.

ಮಗ ವಿವರಿಸಿದ್ದನ್ನು ನಾನು ಅಡಿಕೆ ಮಂಡಿಯ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಅಪ್ಪ ಮಂಡಿಯಲ್ಲಿ ಗುಮಾಸ್ತ. ಈಗಿನ ಕಂಪ್ಯೂಟರಿನ ಒಳಗಿರುವ ಡಿಸ್ಕುಗಳಲ್ಲಿ ಹಳೆಯವುಗಳ ಹಾಗೆ ತಿರುಗುವ ತಟ್ಟೆ ಇಲ್ಲ, ಬರೀ ಚಿಪ್ಪುಗಳು. ನಾವು ಬರೆದದ್ದು ಚೂರುಚೂರಾಗಿ ಸಾವಿರಾರು ಕಡೆ ಕೂತಿರುತ್ತದೆ. ಯಾವ ಚೂರು ಎಲ್ಲಿದೆ ಎಂಬ ಪಟ್ಟಿಯನ್ನು ಒಳಗಿನ ಒಂದು ಪುಟ್ಟ ಗುಮಾಸ್ತ ಗಳಿಗೆಗಳಿಗೆಗೂ ತಿದ್ದುತ್ತಿರುತ್ತಾನೆ. ಅವನು ಪೆನ್ನು ಹಿಡಿದಿದ್ದಾಗಲೇ ಕರೆಂಟು ಹೋದರೆ ಪಟ್ಟಿ ಕೆಡಬಹುದು. ಗೋದಾಮಿನ ತುಂಬ ಚೀಲಗಳು ಹಾಗೇ ಇವೆ, ಯಾರ ಚೀಲ ಎಲ್ಲಿದೆ ಎಂಬ ಕಿರ್ದಿ ಪುಸ್ತಕ ಮಾತ್ರ ಸುಟ್ಟಿದೆ. ಅಪ್ಪನಿಗೆ ಇದನ್ನು ಹೇಳಿದ್ದರೆ ಒಂದೇ ಮಾತಿನಲ್ಲಿ ಅರ್ಥವಾಗುತ್ತಿತ್ತು. ಖಾತೆ ಬೇರೆ ಪುಸ್ತಕದಲ್ಲಿ ಬರೆದಿರಲಿಲ್ಲವಾ ಅಂತಲೂ ಕೇಳುತ್ತಿದ್ದ. ಅಂದರೆ ಅವನದೂ ಅದೇ ಪ್ರಶ್ನೆ!

ಬೆಲ್‌ವ್ಯೂನ ಒಂದು ಅಂಗಡಿಗೆ ಹೋದೆವು. ಕಳೆದ ಫೈಲು ಹುಡುಕಿಕೊಡುವುದೇ ಅವರ ಕಸುಬು. ಕೌಂಟರಿನ ಹುಡುಗ ಆಸ್ಪತ್ರೆಯವರ ದನಿಯಲ್ಲಿ ಮಾತಾಡಿದ. ಸಿಕ್ಕರೆ 1,800 ಡಾಲರ್, ಸಿಗದಿದ್ದರೆ ಏನೂ ಕೊಡಬೇಡಿ ಅಂದ. ಆಮೇಲೆ, ಡಿಸ್ಕಿಗೆ ಬೀಗ ಹಾಕಿದೆ, ರಿಕವರಿ ಕೀ ಬೇಕು ಅಂದ. ಬಿಟ್‌ಲಾಕರ್ ಎಂಬ ಆ ಬೀಗದ ಕೀಲಿ 48 ಅಂಕಿಗಳದ್ದು. ಬೀಗ ಹಾಕಿಕೊಂಡದ್ದೇ ನನಗೆ ಗೊತ್ತಿರಲಿಲ್ಲ. ಮಗ ಯಾವುದೋ ಖಾತೆಯೊಳಗೆ ಇಣುಕಿ 48 ಅಂಕಿ ಹುಡುಕಿಕೊಟ್ಟ. ಹದಿನೆಂಟು ದಿನ ಕಾದೆವು. ಹೊರಗಿನ ಹಾರ್ಡ್ ಡಿಸ್ಕಿನಿಂದ 2022ರ ಕೆಲವು ಫೋಟೋ ಬಂದವು, ನಾನು ಅಳಿಸಿದ್ದೇನೆ ಅಂದುಕೊಂಡಿದ್ದ ಒಂದು ಕೆಟ್ಟ ಕವಿತೆ ಬಂತು. ಒಳಗಿನದರಿಂದ ಏನೂ ಬರಲಿಲ್ಲ. ಆ ಹುಡುಗ ದುಡ್ಡು ತಗೊಳ್ಳಲಿಲ್ಲ. ನನ್ನ ಮುಖ ನೋಡಿ, ಕವಿತೆಯ ಬಿಲ್ಲೂ ಬಿಟ್ಟಿರಬೇಕು.

ಕಳೆದದ್ದು ಏನು ಅಂತ ಹೇಳಲೇ ಇಲ್ಲ. 1964ರಲ್ಲಿ ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ನಮ್ಮದೂ ಒಂದು. ನನಗಾಗ ನಾಲ್ಕು ವರ್ಷ. ಅಪ್ಪ ಅಲ್ಲಿಂದ ಎದ್ದು ಬಂದದ್ದು, ಸಾಗರದಿಂದ ಎಂಟು ಮೈಲಿ ದೂರದ ಹೊಸ ಜಾಗದಲ್ಲಿ ಹೆಂಚಿಲ್ಲದ ಮನೆ ಕಟ್ಟಿದ್ದು, ತೋಟದ ಯಜಮಾನ ಮಂಡಿಯ ಗುಮಾಸ್ತನಾಗಿ ದಿನಾ ಸೈಕಲ್ ತುಳಿದದ್ದು, ಇದನ್ನೆಲ್ಲ ಹನ್ನೊಂದು ತಿಂಗಳಿಂದ ಬರೆಯುತ್ತಿದ್ದೆ. ಮುಳುಗಡೆಯ ಪುಸ್ತಕವೇ ಮುಳುಗಿತು. ಕಥೆಯಲ್ಲಿ ಹೀಗೆ ಬರೆದಿದ್ದರೆ ಸಂಪಾದಕರು ‘ಇದು ಅತಿಯಾಯಿತು’ ಅಂತ ಗೀಟು ಹಾಕುತ್ತಿದ್ದರು. ನಮ್ಮ ಕಡೆಯವರಿಗೆ ಗೊತ್ತಿದೆ: ಮಡೆನೂರಿನಲ್ಲಿ 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟನ್ನೇ ಲಿಂಗನಮಕ್ಕಿಯ ನೀರು ನುಂಗಿತು. ಮಳೆ ಕೈಕೊಟ್ಟ ವರ್ಷ ನೀರಿಳಿದಾಗ ಆ ಹಳೇ ಕಟ್ಟೆ ಎದ್ದು ಬರುತ್ತದೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ನನ್ನ ಡಿಸ್ಕಿನ ನೀರು ಯಾವ ಬೇಸಿಗೆಗೂ ಇಳಿಯುವಂಥದ್ದಲ್ಲ.

ಇಷ್ಟು ಹೇಳಿಕೊಂಡು ಅಳುವುದಕ್ಕೆ ಪತ್ರಿಕೆಯ ಜಾಗ ಬೇಡ. ನನ್ನ ತಕರಾರು ಆ ಪ್ರಶ್ನೆಯ ಮೇಲೆ. ‘ಬ್ಯಾಕಪ್ ಇತ್ತಾ’ ಎಂದು ಕೇಳುವವರೆಲ್ಲ ಅದು ಯಂತ್ರಕ್ಕೆ ಸಂಬಂಧಪಟ್ಟ ವಿಷಯ ಅಂದುಕೊಂಡಿದ್ದಾರೆ: ಇನ್ನೊಂದು ಡಿಸ್ಕು ಕೊಳ್ಳಿ, ತಿಂಗಳಿಗಿಷ್ಟು ಡಾಲರ್ ಕಟ್ಟಿ ಕ್ಲೌಡಿನಲ್ಲಿ ಜಾಗ ತಗೊಳ್ಳಿ, ಆಯಿತು. ನಾನೂ ಹಾಗೇ ಅಂದುಕೊಂಡಿದ್ದೆ. ಪುಕ್ಕಟೆ ಕೊಟ್ಟ ಜಾಗದಲ್ಲಿ ಸಿಂಕ್ ಆಗುತ್ತಿತ್ತು. ಮೊಮ್ಮಗಳ ಭರತನಾಟ್ಯದ ವಿಡಿಯೋಗಳಿಗೆ ಜಾಗ ಸಾಲದೆ ಅದು ನಿಂತುಹೋಯಿತು. ಜಾಗ ತುಂಬಿದೆ ಎಂಬ ಇಮೇಲುಗಳನ್ನು ಸೇಲ್ಸಿನವರ ಕಾಟ ಎಂದು ಬದಿಗೊತ್ತಿದೆ. ಆದರೆ ನಿಂತಿರದಿದ್ದರೂ ಸಿಂಕ್ ಎನ್ನುವುದು ನಕಲಲ್ಲ, ನೆರಳು. ಇಲ್ಲಿ ಕೈತಪ್ಪಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕೆಲವು ದಿನ ಕಸದ ಬುಟ್ಟಿಯಲ್ಲಿ ಕೂತಿದ್ದು ಆಮೇಲೆ ಹೋಗುತ್ತದೆ. ಮನುಷ್ಯ ಬಾವಿಗೆ ಬಿದ್ದರೆ ನೆರಳು ಕಟ್ಟೆಯ ಮೇಲೆ ಕೂತಿರುತ್ತದೆಯೇ?

1922ರ ಡಿಸೆಂಬರಿನಲ್ಲಿ ಪ್ಯಾರಿಸಿನ ಗಾರ್ ದ ಲಿಯೋಂ ರೈಲು ನಿಲ್ದಾಣದಲ್ಲಿ ಹೆಮಿಂಗ್ವೇಯ ಹೆಂಡತಿ ಹ್ಯಾಡ್ಲಿ ಒಂದು ಪೆಟ್ಟಿಗೆ ಕಳೆದುಕೊಂಡಳು. ಸ್ವಿಟ್ಜರ್ಲೆಂಡಿನಲ್ಲಿದ್ದ ಗಂಡನಿಗೆ ಕೆಲಸಕ್ಕೆ ಬೇಕಾದೀತು ಎಂಬ ಪ್ರೀತಿಯಿಂದ ಅವನು ಅದುವರೆಗೆ ಬರೆದದ್ದನ್ನೆಲ್ಲ ಅದರಲ್ಲಿ ತುಂಬಿದ್ದಳು. ಈ ಕಥೆ ಬಹಳ ಜನರಿಗೆ ಗೊತ್ತು. ಟೈಪಿಸ್ಟಳಾದ ನನ್ನ ಹೊಟ್ಟೆ ಕಿವುಚಿದ್ದು ಬೇರೆ ಒಂದು ವಿವರಕ್ಕೆ: ಕಾರ್ಬನ್ ಪ್ರತಿಗಳನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕಿದ್ದಳು. ನನ್ನ ಮೂರು ಡಾಲರಿನ ಎಕ್ಸ್‌ಟೆನ್ಶನ್ ಬಾಕ್ಸೂ ಅಂಥದೇ ಪೆಟ್ಟಿಗೆ. ಇನ್ನೊಂದು ವಿವರ ಇನ್ನೂ ಮುಖ್ಯ. ಎರಡು ಕಥೆ ಉಳಿದವು. ಒಂದು ಡ್ರಾಯರಿನ ಮೂಲೆಯಲ್ಲಿ ಬಿದ್ದಿತ್ತು. ಇನ್ನೊಂದು ಅಂಚೆಯಲ್ಲಿ ಹೋಗಿ ಒಬ್ಬ ಸಂಪಾದಕರ ಹತ್ತಿರ ಇತ್ತು. ಅಂದರೆ ಒಂದು ಮರೆತದ್ದಕ್ಕೆ ಉಳಿಯಿತು, ಒಂದು ಕೊಟ್ಟದ್ದಕ್ಕೆ.

ಹೆಮಿಂಗ್ವೇಯವರೆಗೆ ಹೋಗುವುದೂ ಬೇಡ. ನಮ್ಮ ಲಕ್ಕುಂಡಿಯ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಈ ಕೆಲಸ ಮಾಡಿ ತೋರಿಸಿದ್ದಾಳೆ. ಅವಳ ಅಪ್ಪ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ ಇಬ್ಬರೂ ತಮ್ಮ ಗುರುಗಳ ನೆನಪಿಗೆ ಪೊನ್ನನ ಕೈಲಿ ಶಾಂತಿಪುರಾಣ ಬರೆಸಿದ್ದರು. ಅಪ್ಪನ ಕಾಲದ ಆ ಕಾವ್ಯಕ್ಕೆ ಮಗಳು ಓಲೆಗರಿಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಸಾವಿರ! ನಾವು ಶಾಲೆಯಲ್ಲಿ ಇದನ್ನು ‘ದಾನಚಿಂತಾಮಣಿ’ಯ ಔದಾರ್ಯ ಎಂದು ಕಂಠಪಾಠ ಮಾಡಿದೆವು. ಐದು ಅಂಕದ ಪ್ರಶ್ನೆ. ಓಲೆಗರಿಯ ಆಯುಷ್ಯ ಎಷ್ಟು, ಗೆದ್ದಲಿನ ಹಸಿವು ಎಷ್ಟು ಎಂದು ಲೆಕ್ಕ ಹಾಕಿದ ಹೆಂಗಸಿನ ಜಾಣತನ ಅದು ಅಂತ ಯಾವ ಮೇಷ್ಟರೂ ಹೇಳಲಿಲ್ಲ. ಅದೇ ಪೊನ್ನನದು ಭುವನೈಕರಾಮಾಭ್ಯುದಯ ಎಂಬ ಇನ್ನೊಂದು ಕಾವ್ಯವಿತ್ತು. ಅವಳೇ ಪೋಷಿಸಿದ ರನ್ನನದು ಪರಶುರಾಮಚರಿತ ಇತ್ತು. ಅವೆರಡೂ ಇವತ್ತು ಹೆಸರು ಮಾತ್ರ. ಸಾವಿರ ಪ್ರತಿಯಾದದ್ದು ನಮ್ಮವರೆಗೆ ಬಂತು. ಸಾವಿರವನ್ನೂ ಅವಳು ಲಕ್ಕುಂಡಿಯ ತನ್ನ ಮನೆಯ ಅಟ್ಟದಲ್ಲಿ ಒಟ್ಟಿಕೊಂಡಿದ್ದರೆ ಒಂದು ಬೆಂಕಿ ಸಾಕಿತ್ತು. ಅವು ಬಸದಿಗಳಿಗೆ, ಓದುವವರಿಗೆ, ಬಹುಶಃ ಓದದವರಿಗೂ ಹೋದವು.

ನಾನಿರುವ ಸಿಯಾಟಲ್ ಸೀಮೆಗೆ 2024 ಇಡೀ ವರ್ಷ ಇದೇ ಪಾಠ. ಮೇ 25ರ ಶನಿವಾರ ಸಿಯಾಟಲ್ ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರುಗಳ ಮೇಲೆ ಸುಲಿಗೆಕೋರರ ದಾಳಿಯಾಯಿತು. ಕ್ಯಾಟಲಾಗ್ ಹೋಯಿತು, ಇ-ಪುಸ್ತಕ ಹೋಯಿತು, ಜನ ಬಳಸುವ ಕಂಪ್ಯೂಟರುಗಳು ಹೋದವು, ಎಲ್ಲ ಸರಿಯಾಗಲು ತಿಂಗಳುಗಳು ಬೇಕಾದವು. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಕಾವಲು ತಂತ್ರಾಂಶದ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಮುಖ ಹಾಕಿಕೊಂಡು ಕೂತವು. ಆಗಸ್ಟ್ 24ರಂದು ಸೀ-ಟ್ಯಾಕ್ ವಿಮಾನ ನಿಲ್ದಾಣಕ್ಕೆ ಅದೇ ಥರದ ಸುಲಿಗೆಕೋರರು ನುಗ್ಗಿದರು. ಸುಮಾರು 60 ಲಕ್ಷ ಡಾಲರ್ ಬೆಲೆಯ 100 ಬಿಟ್‌ಕಾಯಿನ್ ಕೇಳಿದರು, ನಿಲ್ದಾಣದವರು ಕೊಡಲಿಲ್ಲ. ಬೋರ್ಡುಗಳೆಲ್ಲ ಕಪ್ಪಾದಾಗ ಅಲ್ಲಿನ ಸಿಬ್ಬಂದಿ ವಿಮಾನದ ವಿವರಗಳನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಅಂಟಿಸಿದರು. ಗ್ರಂಥಾಲಯದವರೂ ಬಾಗಿಲು ಹಾಕಿಕೊಳ್ಳಲಿಲ್ಲ. ಯಾರು ಯಾವ ಪುಸ್ತಕ ಒಯ್ದರು ಎಂದು ಕಾಗದದಲ್ಲಿ ಬರೆದುಕೊಂಡು ಕೊಡುತ್ತ ಹೋದರು. ನಮ್ಮಪ್ಪನ ಮಂಡಿಯಲ್ಲಿ ನಡೆಯುತ್ತಿದ್ದ ಹಾಗೇ.

ಕ್ಯಾಟಲಾಗ್ ಸತ್ತಿದ್ದಾಗಲೂ ಪುಸ್ತಕಗಳು ಸತ್ತಿರಲಿಲ್ಲ. ಅವು ಸಾವಿರಾರು ಮನೆಗಳ ಮಂಚದ ಪಕ್ಕದಲ್ಲಿದ್ದವು. ವಾಪಸು ತರಲು ಅವಸರ ಬೇಡ, ಸದ್ಯಕ್ಕೆ ನಿಮ್ಮಲ್ಲೇ ಇರಲಿ ಅಂತ ಗ್ರಂಥಾಲಯವೇ ಜನರನ್ನು ಕೇಳಿಕೊಂಡಿತ್ತು.

ನಾನು ಹಳದಿ ಗೆರೆ ಹಾಳೆಯ ಪ್ಯಾಡ್ ತಂದು ಸಮಾಮಿಶ್ ಲೈಬ್ರರಿಯ ಕಿಟಕಿ ಪಕ್ಕ ಕೂತೆ. ಕೈಬರಹ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಅಕ್ಷರಗಳು ನೆನಪಿದ್ದವು, ಒತ್ತುಗಳು ಮುಷ್ಕರ ಹೂಡಿದವು. ‘ಸೂರ್ಯ’ ಬರೆಯಲು ಹೋಗಿ ಅರ್ಕಾವೊತ್ತು ಎಡಕ್ಕೋ ಬಲಕ್ಕೋ ಅಂತ ಪೆನ್ನು ಗಾಳಿಯಲ್ಲಿ ನಿಂತಿತು. ಎದುರು ಕೂತಿದ್ದ ಚೀನಾದ ಅಜ್ಜ ಒಬ್ಬರು ನನ್ನ ಹಾಳೆ ನೋಡಿ ತಮ್ಮ ಹಾಳೆ ತೋರಿಸಿದರು. ಅವರೂ ಒಂದು ಅಕ್ಷರದ ಅರ್ಧದಲ್ಲಿ ಸಿಕ್ಕಿಕೊಂಡಿದ್ದರು. ಇಬ್ಬರೂ ನಕ್ಕೆವು, ಭಾಷೆ ಬೇಕಾಗಲಿಲ್ಲ.

ನನ್ನ ಹತ್ತಿರ ಒಂದು ಹಳೇ ಸಿ.ಡಿ. ಇತ್ತು, 2003ರದ್ದು. ಕಚೇರಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಊಟದ ಬಿಡುವಿನಲ್ಲಿ ನುಡಿ ತಂತ್ರಾಂಶದಲ್ಲಿ ಹೊಡೆದಿಟ್ಟ ಬರಹಗಳು. ಅದರಲ್ಲಿ ಅಪ್ಪನ ಬಗ್ಗೆ ನಾಲ್ಕು ಪುಟ ಇದ್ದದ್ದು ನೆನಪಾಯಿತು. ಈಗಿನ ಕಂಪ್ಯೂಟರಿನಲ್ಲಿ ಸಿ.ಡಿ. ತೂರಿಸುವ ಬಾಯಿಯೇ ಇಲ್ಲ. ಎಲ್ಲಿಂದಲೋ ಒಂದು ಡ್ರೈವ್ ತಂದು ತೆರೆದರೆ ಪರದೆಯ ಮೇಲೆ ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ‘ಎ’ಗಳ ಸಾಲು. ಅಕ್ಷರ ಇತ್ತು, ಕನ್ನಡ ಇರಲಿಲ್ಲ. ನುಡಿ, ಬರಹ ಮುಂತಾದ ತಂತ್ರಾಂಶಗಳು ಇರದಿದ್ದರೆ ನಮ್ಮಂಥವರು ಕಂಪ್ಯೂಟರ್ ಮುಟ್ಟುತ್ತಲೇ ಇರಲಿಲ್ಲ, ಆ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ಫಾಂಟ್ ಇಲ್ಲದ ಕಡೆ ಯಜಮಾನ ಹೊರಗೆ ಬರುತ್ತಾನೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆ 1991ರಲ್ಲೇ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ, ನಮ್ಮ ಜಿಲ್ಲೆಯ ಹೊಳೆಯದು. ಇಷ್ಟಾದರೂ ನಮ್ಮ ಎಷ್ಟೋ ಕಚೇರಿ, ಮುದ್ರಣಾಲಯಗಳಲ್ಲಿ ಇವತ್ತಿಗೂ ಫೈಲುಗಳು ಬಾಡಿಗೆ ಮನೆಯಲ್ಲೇ ಇವೆ. ಪರಿವರ್ತಕ ತಂತ್ರಾಂಶಗಳಿವೆ, ಪುಕ್ಕಟೆಯಾಗಿಯೇ ಸಿಗುತ್ತವೆ. ನನ್ನ ನಾಲ್ಕು ಪುಟ ಕನ್ನಡಕ್ಕೆ ಮರಳಲು ಒಂದು ಕಾಫಿಯಷ್ಟು ಹೊತ್ತು ಸಾಕಾಯಿತು. ಇದು ಗೊತ್ತಿದ್ದವರು ಬದುಕಿರುವಾಗಲೇ ಆ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಅಮೆರಿಕದ ಕನ್ನಡ ಕೂಟಗಳಿಗೂ ಒಂದು ಮಾತು. ಯುಗಾದಿಗೆ, ರಾಜ್ಯೋತ್ಸವಕ್ಕೆ ಚೆಂದದ ಸ್ಮರಣ ಸಂಚಿಕೆ ತರುತ್ತಾರೆ. ಐದು ವರ್ಷದ ಹಿಂದಿನದು ಬೇಕು ಅಂದರೆ ‘ಅದು ಆಗಿನ ಕಾರ್ಯದರ್ಶಿ ಲ್ಯಾಪ್‌ಟಾಪಲ್ಲಿತ್ತು, ಅವರು ಆಸ್ಟಿನ್‌ಗೆ ಹೋದರು’ ಎಂಬ ಉತ್ತರ. ಐವತ್ತು ವರ್ಷ ಆದಮೇಲೆ ಇಲ್ಲಿನ ಕನ್ನಡದವರು ಹೇಗಿದ್ದರು ಅಂತ ಯಾರಾದರೂ ಹುಡುಕಿದರೆ ಸಿಗುವುದು ಹೋಳಿಗೆ ಊಟದ ಫೋಟೋ ಮಾತ್ರ. ಹತ್ತು ಪ್ರತಿ ಕಾಗದದಲ್ಲಿ ಅಚ್ಚು ಹಾಕಿಸಿ ಶಿವಮೊಗ್ಗ, ಧಾರವಾಡ, ಮೈಸೂರಿನ ಗ್ರಂಥಾಲಯಗಳಿಗೆ ಅಂಚೆಗೆ ಹಾಕಲಿ. ಇಂಟರ್ನೆಟ್ ಆರ್ಕೈವಿಗೂ ಹಾಕಲಿ. ಅಲ್ಲಿಗೆ ಮಾತ್ರ ಹಾಕಿ ನಿದ್ದೆ ಮಾಡುವುದು ಬೇಡ, 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ಅದೂ ಕೆಲವು ದಿನ ಬಾಗಿಲು ಹಾಕಿಕೊಂಡಿತ್ತು.

ನಮಗೆ ಬರೆಯುವವರಿಗೆ ಒಂದು ಕೆಟ್ಟ ಮಡಿ ಇದೆ. ಮುಗಿಯುವವರೆಗೆ ಯಾರಿಗೂ ತೋರಿಸಬಾರದು. ಅರ್ಧ ಬೆಂದದ್ದನ್ನು ಬಡಿಸಿದರೆ ದೃಷ್ಟಿಯಾಗುತ್ತದೆ ಎಂಬಂತೆ ಮುಚ್ಚಿಟ್ಟುಕೊಳ್ಳುತ್ತೇವೆ. ನಾನು ಯಾರಿಗೆಲ್ಲ ಕೊಟ್ಟಿದ್ದೆನೋ ಅದೆಲ್ಲ ಉಳಿದಿದೆ. ಈ ಪತ್ರಿಕೆಗೆ ಕಳಿಸಿದ ಅಂಕಣಗಳು ಉಳಿದಿವೆ. ಸಂಘದ ಗೆಳತಿ ಓದಲು ಕೇಳಿದಾಗ ಪ್ರಿಂಟ್ ಹಾಕಿ ಕೊಟ್ಟಿದ್ದ ಎರಡು ಅಧ್ಯಾಯ ಅವಳ ಅಡುಗೆಮನೆಯ ಕಪಾಟಿನಲ್ಲಿ ಸಿಕ್ಕಿದವು, ಹಿಂಬದಿಯಲ್ಲಿ ದಿನಸಿ ಪಟ್ಟಿ ಸಮೇತ.

ಉಳಿದದ್ದು ಸಾಗರದಲ್ಲಿ ಸಿಕ್ಕಿತು. ನನ್ನ ಅಕ್ಕನಿಗೆ 72. ಕಣ್ಣಿಗೆ ಪೊರೆ ಬಂದು ಓದಲಾಗುವುದಿಲ್ಲ. ಅವಳಿಗಾಗಿ ಒಂದೊಂದು ಅಧ್ಯಾಯವನ್ನೂ ಮೂರು ಮೂರು ನಿಮಿಷದ ತುಂಡು ಮಾಡಿ ವಾಟ್ಸ್‌ಆ್ಯಪಿನಲ್ಲಿ ಓದಿ ಕಳಿಸುತ್ತಿದ್ದೆ. ಇದು ನನಗೆ ನೆನಪಾದದ್ದು ಬೆಲ್‌ವ್ಯೂನ ಹುಡುಗ ಕೈಚೆಲ್ಲಿದ ಮೇಲೆ. ನನ್ನ ಫೋನಿನಲ್ಲಿ ನಾನೇ ಅಳಿಸಿದ್ದೆ. ಹೆದರುತ್ತ ಅಕ್ಕನಿಗೆ ಫೋನ್ ಮಾಡಿದೆ.

‘ಅಳಿಸೋದು ಹೆಂಗೆ ಅಂತ ನಂಗೆಲ್ಲಿ ಗೊತ್ತು ಮಾರಾಯ್ತಿ?’ ಅಂದಳು. ‘ಜಾಗ ಇಲ್ಲ ಅಜ್ಜಿ ಅಂತ ಮೊಮ್ಮಗ ಗುಡ್ ಮಾರ್ನಿಂಗ್ ಫೋಟೋ ಎಲ್ಲ ಒರೆಸಿ ಹಾಕ್ದ. ಅವಳ ಮಾತಿಗೆ ಕೈ ಹಚ್ಬೇಡ ಅಂದಿದ್ದೆ.’

ಒಟ್ಟು 63 ತುಂಡು. ಮೊಮ್ಮಗ ಎಲ್ಲವನ್ನೂ ನನಗೂ ಅವನಪ್ಪನಿಗೂ ಕಳಿಸಿದ. ನಾನು ಕೇಳುತ್ತ ಮತ್ತೆ ಬರೆಯುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದೆ, ಮೊಮ್ಮಗಳು ಬಂದು ಚಪಾತಿ ಕೇಳಿದ್ದಾಳೆ, ಒಂದು ಕಡೆ ನಾನೇ ಗಂಟಲು ಕಟ್ಟಿ ಸುಮ್ಮನಾಗಿದ್ದೇನೆ. ಬರೆದದ್ದರಲ್ಲಿ ಆ ಸುಮ್ಮನಿರುವುದು ಇರಲಿಲ್ಲ. ಅಕ್ಕ ಈಗ ದಿನಾ ತಿದ್ದುತ್ತಾಳೆ. ‘ಊರು ಬಿಡೋ ದಿನ ಹಸು ಹೆಜ್ಜೆ ಎತ್ತಿಡ್ಲಿಲ್ಲ ಅಂತ ಬರ್ದಿದೀಯಲ್ಲ, ಹಸು ಅಲ್ಲ, ಎಮ್ಮೆ. ಹಸೂನ ಅಪ್ಪ ಹಿಂದಿನ ವಾರನೇ ಮಾರಿದ್ದ.’ ನಾಲ್ಕು ವರ್ಷದವಳಿಗೆ ಏನು ನೆನಪಿರುತ್ತದೆ? ಅಕ್ಕ ಆಗ ಹನ್ನೆರಡರವಳು. ನಾನು ಬರೆದ ಪುಸ್ತಕದ ಮೂಲ ಪ್ರತಿ ಅವಳೇ. ಹನ್ನೊಂದು ತಿಂಗಳು ಹೊಡೆದದ್ದು ಅದರ ಕಚೇರಿ ಪ್ರತಿ.

ಒಂದು ಅಧ್ಯಾಯ ಮಾತ್ರ ಯಾರ ಹತ್ತಿರವೂ ಇಲ್ಲ. ಹೊಸ ಜಾಗಕ್ಕೆ ಬಂದಾಗ ಶಾಲೆ ನಾಲ್ಕು ಮೈಲಿ ದೂರ ಅಂತ ಅಕ್ಕನನ್ನು ಬಿಡಿಸಿದರು. ಹಟ್ಟಿ, ಅಡುಗೆ, ನಾನು, ಮೂರೂ ಅವಳ ಪಾಲಿಗೆ ಬಂದವು. ನನ್ನ ಸರದಿ ಬರುವ ಹೊತ್ತಿಗೆ ಬಸ್ಸು ಬಂದಿತ್ತು, ನಾನು ಹೈಸ್ಕೂಲಿಗೂ ಟೈಪಿಂಗ್ ಕ್ಲಾಸಿಗೂ ಹೋದೆ. ಅದನ್ನು ಬರೆದೆ, ಮೂರು ಸಲ ತಿದ್ದಿದೆ, ಅವಳಿಗೆ ಮಾತ್ರ ಓದಿ ಕಳಿಸಲಿಲ್ಲ. ಗೆಳತಿಗೂ ಕೊಡಲಿಲ್ಲ, ಮಗನಿಗೂ ತೋರಿಸಲಿಲ್ಲ.

ಮೊನ್ನೆ ರಾತ್ರಿ, ಅವಳಿಗೆ ಬೆಳಿಗ್ಗೆ, ಅಕ್ಕ ಕೇಳಿದಳು: ‘ಆರಾದ ಮೇಲೆ ಎಂಟು ಕಳ್ಸಿದೀಯಲ್ಲೇ, ಏಳು ಎಲ್ಲಿ?’

ಕಂಪ್ಯೂಟರಲ್ಲಿತ್ತು ಅಕ್ಕ, ಹೋಯ್ತು ಅಂದೆ.

‘ಹೋದ್ರೆ ಹೋಗ್ಲಿ, ಬಾಯಲ್ಲಿ ಹೇಳು. ಇವತ್ತು ಏಕಾದಶಿ, ನಂಗೆ ಅಡುಗೆ ಕೆಲಸ ಇಲ್ಲ.’